ಜಗಳಕ್ಕೆ ಮೊದಲಿನ ಮಾತು



ನಗರದ ಬೀದಿಗಳಲ್ಲಿ ನಡೆಯುವ ಹಿಂಸೆಯನ್ನು ಅಲ್ಲಿಯ ಜನರೇ ಹೇಗೆ ತಡೆಯಬಲ್ಲರು ಎಂಬುದು ಈ ವಿಚಾರ ಸಂಕಿರಣದ ವಿಷಯ. ಕೊಲೆಯಾದ ಮೇಲೆ ಏನು ಮಾಡಬೇಕೆಂದು ನಮ್ಮ ಕಾನೂನಿಗೆ ಗೊತ್ತಿದೆ: ಎಫ್‌ಐಆರ್, ಮಹಜರು, ಆರೋಪಪಟ್ಟಿ. ಆದರೆ ಕೊಲೆಗೆ ಮೊದಲಿನ ಒಂದು ಗಂಟೆಯಲ್ಲಿ ಯಾರು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದ ಎರಡು ಊರುಗಳ ಅನುಭವವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಅಮೆರಿಕದ ಷಿಕಾಗೊ. ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಷಯ, ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ, ಆಮೇಲೆ ಆಫ್ರಿಕಾದ ಹಲವೆಡೆ ಏಡ್ಸ್ ತಡೆಯುವ ಕೆಲಸ ಮಾಡಿ ತಮ್ಮೂರಿಗೆ ಮರಳಿದ್ದರು. ಷಿಕಾಗೊದ ಗುಂಡೇಟಿನ ಪ್ರಕರಣಗಳಲ್ಲಿ ಅವರಿಗೆ ಸಾಂಕ್ರಾಮಿಕ ರೋಗದ ಜಾಡೇ ಕಂಡಿತು. ಒಂದು ಏಟಿನ ಬೆನ್ನಿಗೆ ಇನ್ನೊಂದು, ಒಂದೇ ಬೀದಿಯ ಸುತ್ತಮುತ್ತ. 2000ರಲ್ಲಿ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಪ್ರದೇಶದಲ್ಲಿ ‘ಸೀಸ್‌ಫೈರ್’ ಎಂಬ ಅವರ ಕಾರ್ಯಕ್ರಮ ಶುರುವಾಯಿತು. 2004ರಲ್ಲಿ ‘ಇಂಟರಪ್ಟರ್’ಗಳು, ಎಂದರೆ ಜಗಳಕ್ಕೆ ಅಡ್ಡ ನಿಲ್ಲುವವರು, ಅದರೊಳಗೆ ಬಂದರು. ಇವರಲ್ಲಿ ಹೆಚ್ಚಿನವರು ಹಿಂದೆ ಗ್ಯಾಂಗುಗಳಲ್ಲಿದ್ದವರು, ಜೈಲು ಕಂಡವರು. ಇವರ ಕುರಿತು 2011ರಲ್ಲಿ ತೆರೆಕಂಡ ‘ದಿ ಇಂಟರಪ್ಟರ್ಸ್’ ಸಾಕ್ಷ್ಯಚಿತ್ರದಲ್ಲಿ ಕಾಣುವ ಅಮೀನಾ ಮ್ಯಾಥ್ಯೂಸ್, ಗ್ಯಾಂಗ್ ನಾಯಕ ಜೆಫ್ ಫೋರ್ಟ್‌ನ ಮಗಳು.

ಈ ಇಂಟರಪ್ಟರ್‌ಗಳ ಕೆಲಸವನ್ನು ಹತ್ತಿರದಿಂದ ನೋಡೋಣ. ಗುಂಡು ತಗುಲಿದ ಹುಡುಗನನ್ನು ಆಸ್ಪತ್ರೆಗೆ ತಂದಿದ್ದಾರೆ. ಒಳಗೆ ಶಸ್ತ್ರಚಿಕಿತ್ಸೆ, ಹೊರಗೆ ಕಾದು ಕುಳಿತ ಅಣ್ಣ, ಗೆಳೆಯರು. ಹೊಡೆದವರು ಯಾರೆಂದು ಅವರಿಗೆ ಗೊತ್ತು, ಪೊಲೀಸರ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ಇಂಟರಪ್ಟರ್ ಬಂದು ಆ ಅಣ್ಣನ ಪಕ್ಕ ಕೂರುತ್ತಾನೆ. ಉಪದೇಶ ಮಾಡುವುದಿಲ್ಲ. ಸೇಡು ತೀರಿಸಿ ತಾನು ಕಳೆದುಕೊಂಡದ್ದನ್ನು ಹೇಳುತ್ತಾನೆ, ಈ ರಾತ್ರಿ ಮನೆಯಲ್ಲಿರು ಎಂದು ಕೇಳಿಕೊಳ್ಳುತ್ತಾನೆ. ಆ ಒಂದು ರಾತ್ರಿ ಕಳೆದರೆ ಒಂದು ಜೀವ ಉಳಿದಂತೆ. ಬುಧವಾರಗಳಂದು ಇವರೆಲ್ಲ ಒಂದು ಮೇಜಿನ ಸುತ್ತ ಕುಳಿತು, ಆ ವಾರದ ಜಗಳಗಳನ್ನು ಒಂದೊಂದಾಗಿ ಚರ್ಚಿಸುತ್ತಿದ್ದರು.

ಈ ಕ್ರಮ ಎಲ್ಲ ಊರುಗಳಲ್ಲೂ ಒಂದೇ ಫಲ ಕೊಟ್ಟಿಲ್ಲ. ಅಲ್ಲದೆ, ಷಿಕಾಗೊದಲ್ಲೇ 2007ರಲ್ಲಿ, ಮತ್ತೆ 2015ರಲ್ಲಿ ರಾಜ್ಯದ ಅನುದಾನ ನಿಂತಾಗ ಕೆಲಸವೂ ಹಲವೆಡೆ ನಿಂತಿತು. ಈ ಮಿತಿಗಳಿಂದಲೂ ನಾವು ಕಲಿಯಬೇಕು.

ಎರಡನೆಯದು ಮಹಾರಾಷ್ಟ್ರದ ಭಿವಂಡಿ, ವಿದ್ಯುತ್ ಮಗ್ಗಗಳ ಊರು. 1970ರಲ್ಲಿ, 1984ರಲ್ಲಿ ಕೋಮುಗಲಭೆಯಲ್ಲಿ ಬೆಂದ ಊರು. 1988ರ ನಂತರ ಅಲ್ಲಿ ಡಿಸಿಪಿಯಾಗಿದ್ದ ಸುರೇಶ್ ಖೋಪ್ಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಗಲ್ಲಿಯ ಹಿಂದೂಗಳೂ ಮುಸ್ಲಿಮರೂ ಪೊಲೀಸರ ಜೊತೆ ಒಟ್ಟಿಗೆ ಕೂತು ದಿನನಿತ್ಯದ ತಂಟೆ ತಕರಾರು ಮಾತಾಡಿಕೊಂಡರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಕೋಮುಗಲಭೆಯಿಂದ ಮುಂಬೈ ಹೊತ್ತಿ ಉರಿಯಿತು. ಆ ಗಲಭೆಗಳ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗದ ಲೆಕ್ಕದಲ್ಲಿ ಸತ್ತವರು 900 ಮಂದಿ. ಪಕ್ಕದ ಭಿವಂಡಿ ಶಾಂತವಾಗಿತ್ತು.

ಎರಡೂ ಊರು ಹೇಳುವುದು ಒಂದೇ ಮಾತು: ಜಗಳದ ದಿನ ಯಾರ ಮಾತು ನಡೆಯಬೇಕೋ ಅವರು ಜಗಳವಿಲ್ಲದ ದಿನಗಳಲ್ಲಿ ಅಲ್ಲಿ ಇರಬೇಕು. ನಮ್ಮಲ್ಲಿ ಗಣೇಶ ಚತುರ್ಥಿ, ಈದ್ ಬಂತೆಂದರೆ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಒಳ್ಳೆಯದೇ. ಆದರೆ ಹಬ್ಬ ಮುಗಿದ ಮೇಲೆ ಆ ಕುರ್ಚಿಗಳು ಖಾಲಿಯಾದರೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಆಗುತ್ತದೆ.

ಈ ಸಂಕಿರಣ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲೆಂಬುದು ನನ್ನ ಆಶಯ. ಹಳೆಯ ರೌಡಿಶೀಟರ್ ಒಬ್ಬ ಬದಲಾಗಿ ಬಂದರೆ ಅವನನ್ನು ನಾವು ನಂಬುವುದು ಹೇಗೆ? ಪೊಲೀಸರೊಂದಿಗೆ ಮಾತಾಡುತ್ತಲೂ ಅವನು ಪೊಲೀಸ್ ಮಾಹಿತಿದಾರನೆನಿಸದೆ ಉಳಿಯುವುದು ಹೇಗೆ? ಇದು ಪುಕ್ಕಟೆ ಸೇವೆಯಾಗದೆ ಸಂಬಳದ ಕೆಲಸವಾಗಲು ಹಣ ಎಲ್ಲಿಂದ ಬರಬೇಕು?

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸಂಕಿರಣ ಮುಗಿಸಿ ಮನೆಗೆ ಹೋದ ಮೇಲೆ ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ. ಇಬ್ಬರು ಕೈ ಎತ್ತಿದಾಗ ಯಾರು ಬಂದರೆ ಆ ಕೈಗಳು ಇಳಿಯುತ್ತವೆ ಎಂದು ಕೇಳಿ ತಿಳಿದುಕೊಳ್ಳಿ. ಟೀ ಅಂಗಡಿಯವನಿರಬಹುದು, ಅಂಗನವಾಡಿ ಕಾರ್ಯಕರ್ತೆಯಿರಬಹುದು. ಅವರ ಹೆಸರು ತಿಳಿದ ದಿನ ನಿಮ್ಮ ಅಧ್ಯಯನ ಶುರುವಾಗುತ್ತದೆ.