ವ್ಯಾನಿನ ಕೆಳಗೆ ಒಂದು ರಟ್ಟು ಹಾಸಿ

(ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತು)



ಕಳೆದ ಸಭೆಗೆ ಒಂದು ಸಂಘದವರು ಸಪ್ಪೆ ಮುಖ ಮಾಡಿಕೊಂಡು ಬಂದಿದ್ದರು. ಹಪ್ಪಳ, ಉಪ್ಪಿನಕಾಯಿ ಸಂತೆಗೆ ಸಾಗಿಸಲು ಅವರು ಸಾಲ ಮಾಡಿ ಹಳೇ ಓಮ್ನಿ ತೆಗೆದುಕೊಂಡಿದ್ದಾರೆ. ಕಂತು ಇನ್ನೂ ತೀರಿಲ್ಲ. ಹೊರಡುವಾಗ ಹಿಂದಿನಿಂದ 'ಟಕ್' ಅಂತ ಸದ್ದು, ನೆಲದ ಮೇಲೆ ಎಣ್ಣೆ. ಗ್ಯಾರೇಜಿನಲ್ಲಿ "ಗೇರ್ ಬಾಕ್ಸ್ ಇಳಿಸಬೇಕು, 18 ಸಾವಿರ ಆಗುತ್ತೆ" ಅಂದರಂತೆ. ಸಂಘದ ಖಾತೆಯಲ್ಲಿ ಇದ್ದದ್ದೇ 21 ಸಾವಿರ.

"ಏನು ಮಾಡೋಣ ಸಿಸ್ಟರ್?" ಅಂದರು. ನಾನು ಓದಿದ್ದು ಸಮಾಜಕಾರ್ಯ. ಆದರೆ ಹಳ್ಳಿ ಸುತ್ತಲು ಇಂಥದ್ದೇ ವ್ಯಾನ್ ಓಡಿಸಿ, ಕೆಟ್ಟಾಗಲೆಲ್ಲ ಮೆಕ್ಯಾನಿಕ್ ಪಕ್ಕ ನಿಂತು ನೋಡಿ ಒಂದಿಷ್ಟು ಕಲಿತಿದ್ದೇನೆ. ಹಣ ಕೊಡುವ ಮೊದಲು ಎರಡು ವಿಷಯ ತಿಳಿಯಬೇಕು. ಸೋರುವುದು ಎಲ್ಲಿಂದ? ಸದ್ದು ಬರುವುದು ಯಾವಾಗ?

1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಹಾಗಾಗಿ ಈಗ ರಸ್ತೆಯಲ್ಲಿರುವುದೆಲ್ಲ ಹಳೆಯವೇ. ಇದರ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ತಿರುಗುವುದು ಹಿಂದಿನ ಚಕ್ರ. ನಡುವೆ ಉದ್ದ ಶಾಫ್ಟ್. ಅದರ ಎರಡೂ ತುದಿಯಲ್ಲಿ ಕ್ರಾಸ್ ಅನ್ನುವ ಕೀಲು ಇರುತ್ತದೆ.

ರಾತ್ರಿ ಗಾಡಿಯ ಕೆಳಗೆ ದೊಡ್ಡ ರಟ್ಟು ಹಾಸಿ, ಚಕ್ರ ಎಲ್ಲಿದೆ ಅಂತ ಗುರುತು ಹಾಕಿ. ಬೆಳಿಗ್ಗೆ ನೋಡಿ. ಮುಂದಿನ ಸೀಟಿನ ನೇರಕ್ಕೆ ಕಪ್ಪು ಕಲೆ ಇದ್ದರೆ ಅದು ಎಂಜಿನ್ ಆಯಿಲ್. ಹಸಿರು ಅಥವಾ ಕೆಂಪು ನೀರಿನಂತಿದ್ದರೆ ಕೂಲೆಂಟ್. (ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ.) ಮಂದವಾಗಿ, ಗಂಧಕದ ಕೆಟ್ಟ ವಾಸನೆ ಬಂದರೆ ಗೇರ್ ಆಯಿಲ್. ಚಕ್ರದ ಒಳಬದಿಯಲ್ಲಿ ತೆಳ್ಳನೆಯ ಎಣ್ಣೆ ಕಂಡರೆ ಬ್ರೇಕ್ ಆಯಿಲ್ ಇರಬಹುದು. ಆಗ ಗಾಡಿ ತೆಗೆಯಲೇಬೇಡಿ, ಮೆಕ್ಯಾನಿಕ್ ಅನ್ನೇ ಮನೆಗೆ ಕರೆಸಿ. ಪೆಟ್ರೋಲ್ ಅಥವಾ ಗ್ಯಾಸ್ ವಾಸನೆ ಇದ್ದರೂ ಸ್ಟಾರ್ಟ್ ಮಾಡಬೇಡಿ.

ಇನ್ನು ಸದ್ದು. ಗೇರ್ ಹಾಕಿ ಕ್ಲಚ್ ಬಿಡುವಾಗ, ರಿವರ್ಸ್ ತೆಗೆಯುವಾಗ 'ಟಕ್' ಅಂದರೆ ಮೊದಲು ಕ್ರಾಸ್ ನೋಡಿ. ಸಮ ಜಾಗದಲ್ಲಿ ಎಂಜಿನ್ ಆರಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಗಿಸಿ. ಕೀಲಿನಲ್ಲೇ ಲೊಡಲೊಡ ಅಂದರೆ, ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ, ಅದು ಸವೆದಿದೆ. ಓಡುವಾಗ ಹಿಂದಿನಿಂದ 'ಊಂ' ಅಂತ ರಾಗ ಬಂದು, ಆಕ್ಸಿಲರೇಟರ್ ಬಿಟ್ಟಾಗ ರಾಗ ಬದಲಾದರೆ ಡಿಫರೆನ್ಶಿಯಲ್ ಮೇಲೆ ಅನುಮಾನ. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಬರುವ ಸದ್ದು ಕ್ಲಚ್ ತುಳಿದಾಗ ನಿಂತರೆ ಗೇರ್ ಬಾಕ್ಸ್ ಬೇರಿಂಗ್. ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಏಳುವುದಿಲ್ಲ, ಸುಟ್ಟ ವಾಸನೆ ಬೇರೆ. ಇದು ಕ್ಲಚ್ ಪ್ಲೇಟಿನ ಕೆಲಸ, ಇದಕ್ಕೆ ಗೇರ್ ಬಾಕ್ಸನ್ನು ಇಳಿಸಲೇಬೇಕು. ಆದ್ದರಿಂದ ಎಲ್ಲ ಮೆಕ್ಯಾನಿಕ್‌ಗಳೂ ಸುಳ್ಳು ಹೇಳುತ್ತಾರೆ ಅಂದುಕೊಳ್ಳಬೇಡಿ!

ಆ ಸಂಘದ ಇಬ್ಬರು ರಟ್ಟು ಹಾಸಿದರು. ಕಲೆ ಬಿದ್ದದ್ದು ಗೇರ್ ಬಾಕ್ಸಿನ ಕೆಳಗಲ್ಲ, ಹಿಂದೆ, ಡಿಫರೆನ್ಶಿಯಲ್ ಕೆಳಗೆ. ಮೂಗು ಹಿಡಿಯುವಂಥ ವಾಸನೆ. ಆ ರಟ್ಟನ್ನೇ ಹಿಡಿದುಕೊಂಡು ಬೇರೆ ಗ್ಯಾರೇಜಿಗೆ ಹೋದರು. ಅಲ್ಲಿನ ಹುಡುಗ ಗಾಡಿ ಎತ್ತಿ ತೋರಿಸಿದ. ಹಿಂದಿನ ಕ್ರಾಸ್ ಸವೆದಿತ್ತು, ಡಿಫರೆನ್ಶಿಯಲ್ ಮುಂದಿನ ಆಯಿಲ್ ಸೀಲ್ ಸೋರುತ್ತಿತ್ತು. ಡಿಫರೆನ್ಶಿಯಲ್ ಮೇಲೆ ಗಾಳಿ ಹೋಗಲು ಸಣ್ಣ ಮೂತಿ ಇರುತ್ತದೆ, ಅದು ಕೆಸರು ಕಟ್ಟಿ ಮುಚ್ಚಿಹೋಗಿತ್ತು. ಬಿಸಿಯಾದಾಗ ಒಳಗಿನ ಗಾಳಿ ಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನ ಕಡೆಗೇ ಒತ್ತುತ್ತದೆ. ಮೂತಿ ಬಿಡಿಸದೆ ಹೊಸ ಸೀಲ್ ಹಾಕಿದ್ದರೆ ಅದೂ ಬೇಗ ಸೋರುತ್ತಿತ್ತು.

ಕ್ರಾಸ್, ಸೀಲ್, ಹೊಸ ಗೇರ್ ಆಯಿಲ್, ಕೂಲಿ ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ಪಡೆದುಕೊಂಡು ಬಂದರು, ಬಿಲ್ಲನ್ನು ನಿರ್ಣಯ ಪುಸ್ತಕಕ್ಕೆ ಅಂಟಿಸಿ ಕಿಲೋಮೀಟರನ್ನೂ ಬರೆದಿಟ್ಟಿದ್ದಾರೆ. ಮೊನ್ನೆ ರಟ್ಟು ಒಣಗಿಯೇ ಇತ್ತಂತೆ. ಕ್ಲಚ್ ಪ್ಲೇಟ್ ಮಾತ್ರ ಇನ್ನು ಹೆಚ್ಚು ದಿನ ಬರುವುದಿಲ್ಲ ಅಂತ ಆ ಹುಡುಗ ಹೇಳಿದ್ದಾನೆ. ಅದಕ್ಕಾಗಿ ಪ್ರತಿ ಸಂತೆಯ ಲಾಭದಲ್ಲಿ ನೂರು ರೂಪಾಯಿ ಎತ್ತಿಡುತ್ತಿದ್ದಾರೆ.