ವ್ಯೂ ಇರೋ ಜಾಗ, ಕೈಗೆ ಸಿಗದ ಜಮೀನು

ಬೆಂಗಳೂರಿನ ಟ್ರಾಫಿಕ್ ಬಿಟ್ಟು ಮಲೆನಾಡಲ್ಲೊಂದು ಪುಟ್ಟ ಮನೆ, ಲ್ಯಾಪ್‌ಟಾಪ್ ಪಕ್ಕ ಬಿಸಿ ಕಾಫಿ, ಎದುರಿಗೆ ಮಂಜು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಈ ಕನಸಿರುತ್ತೆ. ಕನಸು ಕಾಣೋದು ತಪ್ಪಲ್ಲ. ಆದರೆ ಅಲ್ಲಿ ಈಗಾಗಲೇ ಬದುಕ್ತಿರೋರಿಗೆ ಏನಾಗ್ತಿದೆ ಅಂತ ಇವತ್ತು ಹೇಳ್ತೀನಿ. ಯಾಕಂದ್ರೆ ನಮ್ಮೂರು ಸಕಲೇಶಪುರದ ಕಡೆ.

ನಮ್ಮಲ್ಲಿ ಮುಂಚೆ ತೋಟ ಕೊಳ್ಳೋರು ಕೇಳ್ತಿದ್ದದ್ದೇ ಬೇರೆ. ಎಕರೆಗೆ ಎಷ್ಟು ಮೂಟೆ ಕಾಫಿ? ಮೆಣಸಿನ ಬಳ್ಳಿ ಹೇಗಿದೆ? ಬೇಸಿಗೆಯಲ್ಲಿ ಕೆರೆಯಲ್ಲಿ ನೀರು ನಿಲ್ಲುತ್ತಾ? ಈಗ ಕೇಳೋದು: ವ್ಯೂ ಇದೆಯಾ? ಕಾರು ಹೋಗುತ್ತಾ? ನೆಟ್‌ವರ್ಕ್ ಸಿಗುತ್ತಾ?

ಇದು ಸಣ್ಣ ಬದಲಾವಣೆ ಅಲ್ಲ. ಬೆಳೆ ನೋಡಿ ಬೆಲೆ ಕಟ್ಟಿದರೆ, ಆ ಜಮೀನಲ್ಲೇ ದುಡಿದು ಸಾಲ ತೀರಿಸಬಹುದು. ವ್ಯೂ ನೋಡಿ ಬೆಲೆ ಕಟ್ಟಿದರೆ, ಅದನ್ನ ಕೊಡೋಕೆ ಸಿಟಿಯ ಸಂಬಳವೇ ಬೇಕು.

ನನ್ನ ಚಿಕ್ಕಪ್ಪನ ಮಗ ಊರಲ್ಲೇ ಉಳಿದು ತೋಟ ನೋಡ್ಕೊಳ್ತಿದ್ದಾನೆ. ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂತು. ಕಾಫಿಗೆ ಒಳ್ಳೇ ರೇಟ್ ಇದ್ದ ವರ್ಷ ಅದು. ಆದರೂ ಅಲ್ಲಿನ ಫಸಲು ಸಾಲದ ಬಡ್ಡಿಗೂ ಸಾಕಾಗ್ತಿರಲಿಲ್ಲ. "ಅಕ್ಕ, ಇನ್ಮೇಲೆ ಆ ತೋಟದಲ್ಲಿ ಕೆಲಸಕ್ಕೆ ಹೋಗ್ಬಹುದು, ತಗೊಳ್ಳೋಕಾಗಲ್ಲ" ಅಂದ.

ಮಾರಿದವರನ್ನ ಬೈಯೋಕೂ ಮನಸ್ಸು ಬರಲ್ಲ. ಆನೆ ಕಾಟ, ಕೊಯ್ಲಿಗೆ ಆಳು ಸಿಗಲ್ಲ, ಮಕ್ಕಳು ಬೆಂಗಳೂರಲ್ಲಿ.

ಕಾನೂನೂ ಬದಲಾಗಿದೆ. ಕಾಫಿ ತೋಟವನ್ನ ಕೃಷಿಕರಲ್ಲದವರು ಮೊದಲಿಂದಲೂ ಕೊಳ್ಳಬಹುದಿತ್ತು. ಗದ್ದೆ ಕೊಳ್ಳೋಕೆ ಮಾತ್ರ ಅಡ್ಡಿ ಇತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನ ತೆಗೆದ ಮೇಲೆ ಆ ಅಡ್ಡಿಯೂ ಹೋಯ್ತು. ಮಲೆನಾಡಿನ ಗದ್ದೆ ಬರೀ ಅಕ್ಕಿ ಕೊಡೋ ಜಾಗ ಅಲ್ಲ. ಮಳೆಗಾಲದಲ್ಲಿ ನೀರನ್ನ ನಿಲ್ಲಿಸಿ, ನೆಲಕ್ಕೆ ಇಂಗಿಸೋ ಜಾಗ. ಅದಕ್ಕೆ ಮಣ್ಣು ತುಂಬಿ ಮನೆ ಕಟ್ಟಿದರೆ ಕೆಳಗಿನ ಬಾವಿಗಳಿಗೆ ತೊಂದರೆ.

ಪೇಟೆಯಲ್ಲಿ ಇನ್ನೊಂದು ಕಥೆ. ತಿಂಗಳ ಬಾಡಿಗೆಗೆ ಕೊಡ್ತಿದ್ದ ಮನೆಯನ್ನ ಹೋಮ್‌ಸ್ಟೇ ಮಾಡಿದರೆ ಕೆಲವು ವೀಕೆಂಡ್‌ನಲ್ಲೇ ಅಷ್ಟು ದುಡ್ಡು ಬರುತ್ತೆ. ಹಾಗಾದ್ರೆ ಟೀಚರ್, ನರ್ಸ್, ಅಂಗಡಿ ಹುಡುಗ ಎಲ್ಲಿರಬೇಕು?

ಈ ತಲೆನೋವು ನಮಗೊಬ್ಬರಿಗೇ ಅಲ್ಲ. ಇಂಗ್ಲೆಂಡಿನ ಕಡಲತೀರದ ಊರು ಸೇಂಟ್ ಐವ್ಸ್‌ನಲ್ಲೂ ಹೀಗೇ ಆಗಿತ್ತು. 2016ರಲ್ಲಿ ಅಲ್ಲಿನವರು ಮತ ಹಾಕಿ ಒಂದು ನಿಯಮ ತಂದರು: ಹೊಸದಾಗಿ ಕಟ್ಟೋ ಮನೆಯಲ್ಲಿ ಅದನ್ನೇ ಮುಖ್ಯ ಮನೆ ಮಾಡ್ಕೊಂಡವರು ವಾಸ ಇರಬೇಕು. ವೋಟ್ ಹಾಕಿದವರಲ್ಲಿ ಶೇ 80ಕ್ಕೂ ಹೆಚ್ಚು ಜನ ಹೂಂ ಅಂದರು. ಆದರೆ ಹಳೇ ಮನೆಗಳಿಗೆ ಈ ನಿಯಮ ಇರಲಿಲ್ಲ. ರಜೆಗೆ ಮನೆ ಬೇಕಾದವರು ಅವುಗಳ ಕಡೆ ತಿರುಗಿದರು. ಒಂದೇ ನಿಯಮದಿಂದ ಎಲ್ಲಾ ಸರಿಹೋಗಲ್ಲ. ಆದರೂ ಊರಿನವರು ಒಟ್ಟಾಗಿ ಆ ಪ್ರಶ್ನೆ ಕೇಳಿದರಲ್ಲ, ಅದು ದೊಡ್ಡದು. ನಮ್ಮ ಗ್ರಾಮಸಭೆಗಳಲ್ಲೂ ಅದು ಬರಬೇಕು.

ನೀವು ಮಲೆನಾಡಿಗೆ ಬರಬೇಡಿ ಅಂತ ನಾನು ಹೇಳಲ್ಲ. ಬನ್ನಿ, ಆದರೆ ಇರೋಕೆ ಬನ್ನಿ. ಮಕ್ಕಳನ್ನ ಊರಿನ ಶಾಲೆಗೆ ಕಳಿಸಿ, ಗ್ರಾಮಸಭೆಗೆ ಹೋಗಿ, ತೋಟದ ನೆರಳಿನ ಮರ ಕಡಿಯಬೇಡಿ, ಗದ್ದೆಯನ್ನ ಗದ್ದೆಯಾಗೇ ಬಿಡಿ. ಪಕ್ಕದಲ್ಲಿ ಉಳುಮೆ ಮಾಡೋ ಹುಡುಗ ಇದ್ದರೆ ಅವನಿಗೇ ಗುತ್ತಿಗೆಗೆ ಕೊಡಿ.

ನಿಮ್ಮೂರಲ್ಲಿ ಹೇಗಿದೆ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.