ನಿಷ್ಠೆ ಯಾರಿಗೆ, ಯಾವುದಕ್ಕೆ



1897ರ ಸೆಪ್ಟೆಂಬರ್. ಮುಂಬಯಿ ಹೈಕೋರ್ಟಿನಲ್ಲಿ ಬಾಲ ಗಂಗಾಧರ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆಯುತ್ತಿತ್ತು. ‘ಕೇಸರಿ’ ಪತ್ರಿಕೆಯಲ್ಲಿ ಬಂದ ಬರಹಗಳೇ ಆರೋಪಕ್ಕೆ ಆಧಾರ. ಸರ್ಕಾರದ ವಿಷಯದಲ್ಲಿ ಜನರ ಮನಸ್ಸಿನಲ್ಲಿ ‘ಡಿಸ್‌ಅಫೆಕ್ಷನ್’ ಹುಟ್ಟಿಸುವುದು ಅಪರಾಧ ಎಂದು ಕಾನೂನು ಹೇಳುತ್ತಿತ್ತು. ಹಾಗೆಂದರೇನು ಎಂಬುದರ ಮೇಲೆ ಒಬ್ಬ ಮನುಷ್ಯನ ಸೆರೆವಾಸ ನಿಂತಿತ್ತು. ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಅರ್ಥ ಬಿಡಿಸಿದರು. ಅಫೆಕ್ಷನ್ ಅಂದರೆ ಪ್ರೀತಿ; ಆ ಪ್ರೀತಿ ಇಲ್ಲದಿರುವುದೇ ಡಿಸ್‌ಅಫೆಕ್ಷನ್. ದ್ವೇಷ, ಹಗೆತನ, ತಿರಸ್ಕಾರ ಎಲ್ಲವೂ ಅದರೊಳಗೆ ಬರುತ್ತವೆ. ಎಲ್ಲಕ್ಕೂ ಸೇರಿಸಿ ಒಂದೇ ಮಾತು ಬೇಕಾದರೆ ‘ಡಿಸ್‌ಲಾಯಲ್ಟಿ’ ಅನ್ನಬಹುದು ಎಂದರು. ಜ್ಯೂರಿಯಲ್ಲಿದ್ದ ಒಂಬತ್ತು ಮಂದಿಯಲ್ಲಿ ಆರು ಯುರೋಪಿಯನ್ನರು ತಿಲಕರು ಅಪರಾಧಿ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಮರುವರ್ಷ ಕಾನೂನನ್ನೇ ತಿದ್ದಿ, ಡಿಸ್‌ಲಾಯಲ್ಟಿ ಎಂಬ ಮಾತನ್ನು ಅದರ ವಿವರಣೆಯೊಳಗೆ ಸೇರಿಸಿದರು.

ಕಂದಾಯವನ್ನು ಹೊತ್ತಿಗೆ ಸರಿಯಾಗಿ ಕಟ್ಟುವ, ಯಾರ ತಂಟೆಗೂ ಹೋಗದ ಒಬ್ಬ ರೈತನಿದ್ದಾನೆ ಎನ್ನಿ. ಆಳುವವರ ಮೇಲೆ ಅವನಿಗೆ ಎಳ್ಳಷ್ಟೂ ಪ್ರೀತಿಯಿಲ್ಲ. ಸ್ಟ್ರೇಚಿಯವರ ಅರ್ಥ ಹಿಡಿದು ಹೊರಟರೆ ಅವನ ಮನಸ್ಸಿನಲ್ಲಿರುವುದೂ ಡಿಸ್‌ಲಾಯಲ್ಟಿಯೇ. ಸೋಜಿಗವೆಂದರೆ, ಅವರು ಹೀಗೆ ಒಂದೇ ಗಂಟಿನಲ್ಲಿ ಕಟ್ಟಿದ್ದನ್ನು ಅವರದೇ ಇಂಗ್ಲಿಷ್ ಭಾಷೆ ಶತಮಾನಗಳಿಂದ ಬೇರೆ ಬೇರೆಯಾಗಿ ಇಟ್ಟುಕೊಂಡು ಬಂದಿತ್ತು. ನಾವು ನಿಷ್ಠೆ ಅನ್ನುವ ಕಡೆ ಇಂಗ್ಲಿಷಿನಲ್ಲಿ ಅಲೀಜಿಯನ್ಸ್ ಇದೆ, ಫಿಯಲ್ಟಿ ಇದೆ, ಫಿಡೆಲಿಟಿ ಇದೆ, ಲಾಯಲ್ಟಿ ಇದೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಅಲೀಜಿಯನ್ಸ್ ಅಂದರೆ ಪ್ರಜೆ ಪ್ರಭುತ್ವಕ್ಕೆ ಸಲ್ಲಿಸಬೇಕಾದದ್ದು. ಕಾನೂನು ಅದನ್ನು ಕೇಳಬಹುದು, ಪ್ರಮಾಣ ಮಾಡಿಸಬಹುದು, ಮುರಿದವನನ್ನು ಶಿಕ್ಷಿಸಬಹುದು. ಮನಸ್ಸಿನಲ್ಲಿ ಏನಿದೆ ಎಂದು ಅದು ಕೇಳುವುದಿಲ್ಲ. ಮದುವೆಯಲ್ಲಿ ಗಂಡ ಹೆಂಡಿರು ಒಬ್ಬರಿಗೊಬ್ಬರು ಕೊಟ್ಟ ಮಾತಿಗೆ ಬದ್ಧರಾಗಿರುವುದು ಫಿಡೆಲಿಟಿ. ಮೂಲಕ್ಕೆ ಎರವಾಗದ ಅನುವಾದದ ಗುಣವೂ ಫಿಡೆಲಿಟಿಯೇ. ಹಾಡಿದ ದನಿ ಹೇಗಿತ್ತೋ ಹಾಗೆಯೇ ಕೇಳಿಸುವ ಯಂತ್ರಕ್ಕೆ ಹೈ ಫಿಡೆಲಿಟಿ ಅಂದರು. ಅದು ಮೊಟಕಾಗಿ ಹೈಫೈ ಆಯಿತು, ಕನ್ನಡಕ್ಕೆ ಬಂದ ಮೇಲೆ ಆಡಂಬರದ ಜೀವನಕ್ಕೆ ಹೆಸರಾಯಿತು. ಲಾಯಲ್ಟಿ ಇವೆರಡಕ್ಕಿಂತ ಬೆಚ್ಚಗಿನ ಮಾತು. ಗೆಳೆಯನಿಗೆ, ಗುರುವಿಗೆ, ದುಡಿದ ಸಂಸ್ಥೆಗೆ, ನಂಬಿದ ಕಾರ್ಯಕ್ಕೆ ಮನುಷ್ಯ ತಾನಾಗಿ ಕೊಡುವಂಥದ್ದು. ಅದರ ಬೇರು ಮಾತ್ರ ಲ್ಯಾಟಿನ್ನಿನಲ್ಲಿ ಕಾನೂನಿಗೆ ಸಂಬಂಧಿಸಿದ ಪದ. ಲೀಗಲ್, ಲಾಯಲ್ ಎರಡೂ ಒಂದೇ ತಾಯಿಯ ಮಕ್ಕಳು. ಕಾನೂನಿಗೆ ತಕ್ಕಂತೆ ನಡೆಯುವವನು ಎಂಬುದೇ ಲಾಯಲ್ ಪದದ ಹಿಂದಿನ ಅರ್ಥ.

ಫಿಯಲ್ಟಿಯ ಕತೆ ಸ್ವಲ್ಪ ವಿವರವಾಗಿ ಹೇಳಬೇಕು. ಮಧ್ಯಯುಗದ ಯುರೋಪಿನಲ್ಲಿ ಸಾಮಂತನು ಒಡೆಯನ ಮುಂದೆ ಮಂಡಿಯೂರಿ, ಜೋಡಿಸಿದ ತನ್ನ ಕೈಗಳನ್ನು ಒಡೆಯನ ಕೈಗಳ ನಡುವೆ ಇಡುತ್ತಿದ್ದ. ಆಮೇಲೆ ಪವಿತ್ರ ಗ್ರಂಥ ಮುಟ್ಟಿ ಆಣೆಯಿಡುತ್ತಿದ್ದ. ಆ ಆಣೆಯೇ ಫಿಯಲ್ಟಿ. ಇದರಲ್ಲಿ ಬಾಗಿದವನ ಮೇಲೆ ಎಷ್ಟು ಹೊಣೆಯೋ ಕೈ ಹಿಡಿದವನ ಮೇಲೂ ಅಷ್ಟೇ ಹೊಣೆ. ಅವನು ಕಾಪಾಡಬೇಕು, ನ್ಯಾಯ ಕೊಡಬೇಕು. ಅವನು ತಪ್ಪಿದರೆ ಇವನು ಕೊಟ್ಟ ಮಾತನ್ನು ಬಹಿರಂಗವಾಗಿ ಹಿಂದಕ್ಕೆ ಪಡೆಯಬಹುದಿತ್ತು. ಆ ಕ್ರಮಕ್ಕಿದ್ದ ಲ್ಯಾಟಿನ್ ಹೆಸರಿನ ಬುಡದಿಂದಲೇ ಇಂಗ್ಲಿಷಿನ ‘ಡಿಫೈ’ ಬಂದದ್ದು. 1215ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಶ್ರೀಮಂತ ಸಾಮಂತರು ಜಾನ್ ದೊರೆಗೆ ಕೊಟ್ಟಿದ್ದ ನಿಷ್ಠೆಯನ್ನು ಹೀಗೆ ಹಿಂದೆಗೆದುಕೊಂಡರು. ಜೂನ್ ತಿಂಗಳಲ್ಲಿ ರನ್ನಿಮೀಡಿನ ಹುಲ್ಲುಗಾವಲಿನಲ್ಲಿ ದೊರೆ ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಗೆಯ ಮುದ್ರೆ ಹಾಕಿಸಿದ. ಆ ಬಳಿಕ ಸಾಮಂತರು ಮತ್ತೆ ನಿಷ್ಠೆಯ ಮಾತು ಕೊಟ್ಟರು.

ನಮ್ಮಲ್ಲಿ ಅದೇ ಕಾಲಕ್ಕೆ ಇನ್ನೊಂದು ಬಗೆಯ ನಿಷ್ಠೆಯಿತ್ತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಹೋದವರು ಅಲ್ಲಿಯ ಗರುಡಗಂಬವನ್ನು ನೋಡಿರಬಹುದು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನೊಂದಿಗೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ನೆನಪಿನ ಕಂಬ ಅದು. ಒಡೆಯನ ಹಿಂದೆ ಬದುಕಿರೆವು ಎಂದು ವ್ರತ ತೊಟ್ಟ ಇಂಥವರನ್ನು ಗರುಡರು ಎನ್ನುತ್ತಿದ್ದರು. ಕಂಬದಲ್ಲಿ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಕೆತ್ತನೆಯಿದೆ. ಅದನ್ನು ನೋಡಿದಾಗಲೆಲ್ಲ ನನ್ನ ಕೈ ತಾನಾಗಿ ಮುಗಿಯುತ್ತದೆ, ಎದೆಯೂ ನಡುಗುತ್ತದೆ. ಉಂಡ ಅನ್ನದ ಋಣವನ್ನು ಇದಕ್ಕಿಂತ ಹೆಚ್ಚಾಗಿ ಯಾರೂ ತೀರಿಸಲಾರರು. ಆದರೆ ಈ ಬಗೆಯ ನಿಷ್ಠೆಯಲ್ಲಿ ಒಡೆಯನನ್ನು ನೀನು ಮಾಡುತ್ತಿರುವುದು ಸರಿಯೇ ಎಂದು ಕೇಳುವ ಜಾಗ ಎಲ್ಲಿದೆ?

ಕೇಳುವ ನಿಷ್ಠೆ ಹೇಗಿರುತ್ತದೆ ಎಂಬುದನ್ನು ಷೇಕ್ಸ್‌ಪಿಯರ್ ‘ಕಿಂಗ್ ಲಿಯರ್’ ನಾಟಕದಲ್ಲಿ ತೋರಿಸಿದ. ದೊರೆ ಲಿಯರ್ ಹೊಗಳಿಕೆಗೆ ಮರುಳಾಗಿ, ನಿಜ ನುಡಿದ ಕಿರಿಮಗಳನ್ನು ದೂರ ಮಾಡಿದಾಗ, ತುಂಬಿದ ಸಭೆಯಲ್ಲಿ ಅವನ ಸಾಮಂತ ಕೆಂಟ್ ಒಬ್ಬನೇ ಎದ್ದು ತಪ್ಪು ಎನ್ನುತ್ತಾನೆ. ಗಡೀಪಾರಿನ ಶಿಕ್ಷೆಯಾಗುತ್ತದೆ. ಅವನು ವೇಷ ಮರೆಸಿಕೊಂಡು ಮರಳಿ ಬಂದು, ಅದೇ ದೊರೆಯ ಕೆಳಗೆ ಆಳಾಗಿ ದುಡಿಯುತ್ತಾನೆ. ಅದೇ ನಾಟಕದಲ್ಲಿ ಆಸ್ವಾಲ್ಡ್ ಇದ್ದಾನೆ. ಹಿರಿಮಗಳು ಗಾನರಿಲ್ಲಳ ಸೇವಕ. ಒಡತಿ ಹೇಳಿದ್ದನ್ನೆಲ್ಲ ಮಾಡುತ್ತಾನೆ, ಸಾಯುವಾಗಲೂ ಅವಳ ಕಾಗದವನ್ನು ತಲುಪಿಸಿ ಎಂದೇ ಬೇಡಿಕೊಳ್ಳುತ್ತಾನೆ. ನಿಷ್ಠೆಯಲ್ಲಿ ಅವನೂ ಕಡಿಮೆಯವನಲ್ಲ. ಕೆಂಟ್ ದೊರೆಯ ಒಳಿತಿಗೆ ನಿಷ್ಠನಾಗಿದ್ದ. ಆಸ್ವಾಲ್ಡ್ ಒಡತಿಯ ಅಪ್ಪಣೆಗೆ ನಿಷ್ಠನಾಗಿದ್ದ. ಒಂದು ಸಂಸ್ಥೆಯಲ್ಲಿ, ಒಂದು ಪಕ್ಷದಲ್ಲಿ, ಒಂದು ಮನೆಯಲ್ಲಿ ಕೂಡ ಈ ಇಬ್ಬರೂ ಇರುತ್ತಾರೆ. ಕೆಂಟ್‌ನನ್ನು ದ್ರೋಹಿಯೆಂದೂ ಆಸ್ವಾಲ್ಡ್‌ನನ್ನು ನಂಬಿಗಸ್ಥನೆಂದೂ ಎಣಿಸುವ ಯಜಮಾನ ಕೆಡುತ್ತಾನೆ. ಹೊಗಳಿದವರನ್ನು ನಂಬಿ ಕೆಂಟ್‌ನನ್ನು ದೂರ ಮಾಡಿದ ಲಿಯರ್ ಕೆಟ್ಟ.

ಇನ್ನು ಗಾಂಧೀಜಿ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಅವರ ವಿಚಾರಣೆ ನಡೆಯಿತು. ತಿಲಕರ ಮೇಲೆ ಹೇರಿದ್ದ ಅದೇ ಕಾನೂನು. ‘ಯಂಗ್ ಇಂಡಿಯಾ’ದ ಮೂರು ಲೇಖನಗಳು ಅಪರಾಧ ಎನಿಸಿದ್ದವು, ಅವುಗಳಲ್ಲಿ ಒಂದರ ತಲೆಬರಹದಲ್ಲೇ ‘ಲಾಯಲ್ಟಿ’ ಇತ್ತು. ಗಾಂಧೀಜಿ ಬಹುಕಾಲ ಬ್ರಿಟಿಷ್ ಸಾಮ್ರಾಜ್ಯಕ್ಕೆ ಮನಃಪೂರ್ವಕ ನಿಷ್ಠರಾಗಿದ್ದವರು. ಬೋಅರ್ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತವರು, 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಊರೂರು ಅಲೆದವರು. ಕೈಸರ್-ಎ-ಹಿಂದ್ ಪದಕವನ್ನು ಸರ್ಕಾರಕ್ಕೆ ಹಿಂದಿರುಗಿಸಿದ್ದು 1920ರಲ್ಲಿ. ನಿಷ್ಠನಾಗಿದ್ದ ತಾನು ಯಾಕೆ ಹೀಗೆ ತಿರುಗಿ ನಿಂತೆ ಎಂಬುದನ್ನು ಅವರು ನ್ಯಾಯಾಲಯದಲ್ಲಿ ಒಂದೊಂದಾಗಿ ಬಿಡಿಸಿ ಹೇಳಿದರು. ಪ್ರೀತಿಯನ್ನು ಕಾನೂನಿನಿಂದ ತಯಾರಿಸಲಾಗದು, ಕಾನೂನಿನಿಂದ ಕಟ್ಟಿಹಾಕಲೂ ಆಗದು ಎಂದರು. ಪ್ರೀತಿ ಇಲ್ಲದಿರುವುದೇ ಅಪರಾಧದ ಮೊದಲು ಎಂದು 25 ವರ್ಷಗಳ ಹಿಂದೆ ಸ್ಟ್ರೇಚಿ ಹೇಳಿದ್ದರಲ್ಲ, ಅದಕ್ಕೆ ಇದಕ್ಕಿಂತ ನೇರವಾದ ಉತ್ತರ ನಾನು ಬೇರೆಲ್ಲೂ ಕಂಡಿಲ್ಲ. ಗಾಂಧೀಜಿ ತಪ್ಪನ್ನು ಒಪ್ಪಿಕೊಂಡರು, ಕರುಣೆ ಕೇಳಲಿಲ್ಲ. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷಗಳ ಸಜೆ ವಿಧಿಸಿದರು.

ಈ ಅನುಭವವನ್ನೆಲ್ಲ ಉಂಡವರೇ ನಮ್ಮ ಸಂವಿಧಾನ ಬರೆಯಲು ಕುಳಿತರು. ಅದಕ್ಕೆ ಹಿಂದೆ, 1935ರ ಕಾಯಿದೆಯ ಕೆಳಗೆ, ಶಾಸನಸಭೆಗೆ ಆಯ್ಕೆಯಾದ ಭಾರತೀಯನು ದೊರೆಗೆ, ಅವನ ವಾರಸುದಾರರಿಗೆ ಅಲೀಜಿಯನ್ಸ್ ಸಲ್ಲಿಸುವುದಾಗಿ ಪ್ರಮಾಣ ಮಾಡಬೇಕಿತ್ತು. ಬ್ರಿಟನ್ನಿನ ಸಂಸದರು ಇಂದಿಗೂ ಹಾಗೆಯೇ ಮಾಡುತ್ತಾರೆ. ನಮ್ಮವರು ಅಲೀಜಿಯನ್ಸ್ ಪದವನ್ನು ಉಳಿಸಿಕೊಂಡರು, ಅದು ಯಾರಿಗೆ ಸಲ್ಲಬೇಕು ಎಂಬುದನ್ನು ಬದಲಿಸಿದರು. ಮಂತ್ರಿಯಾಗಲಿ ಶಾಸಕನಾಗಲಿ ನ್ಯಾಯಮೂರ್ತಿಯಾಗಲಿ ಪ್ರಮಾಣ ಮಾಡುವಾಗ ನಿಜವಾದ ಶ್ರದ್ಧೆ ಮತ್ತು ನಿಷ್ಠೆಯ ಮಾತು ಕೊಡುವುದು ಸಂವಿಧಾನಕ್ಕೆ. ಪ್ರಧಾನಿಯ ಹೆಸರಾಗಲಿ ಮುಖ್ಯಮಂತ್ರಿಯ ಹೆಸರಾಗಲಿ ಪಕ್ಷದ ಹೆಸರಾಗಲಿ ಅಲ್ಲಿ ಬರುವುದಿಲ್ಲ. ರಾಷ್ಟ್ರಪತಿಯ ಪ್ರಮಾಣವನ್ನು ಬೇರೆಯಾಗಿ 60ನೇ ವಿಧಿಯಲ್ಲಿ ಇಟ್ಟರು. ಅದರಲ್ಲಿ ಅಲೀಜಿಯನ್ಸ್ ಎಂಬ ಮಾತೇ ಇಲ್ಲ. ಹುದ್ದೆಯ ಕೆಲಸವನ್ನು ಶ್ರದ್ಧೆಯಿಂದ ಮಾಡುವ, ಸಂವಿಧಾನವನ್ನು ಕಾಪಾಡುವ, ಜನರ ಸೇವೆಗೆ ತನ್ನನ್ನು ಮುಡಿಪಾಗಿಸುವ ಮಾತಿದೆ. ಇಂಥ ಎಚ್ಚರದಿಂದ ಆರಿಸಿದ ಪದಗಳನ್ನು ನಾವು ಟೀವಿಯಲ್ಲಿ ಪ್ರಮಾಣವಚನದ ದಿನ ಗದ್ದಲದ ನಡುವೆ ಕೇಳಿ ಮರೆಯುತ್ತೇವೆ.

ಮಂತ್ರಿ, ಶಾಸಕ, ನ್ಯಾಯಮೂರ್ತಿಗಳ ಪ್ರಮಾಣಗಳು ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಒಂದೇ ಕಡೆ ಇವೆ, ಕನ್ನಡದಲ್ಲೂ ಸಿಗುತ್ತವೆ. ಓದಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಬಿಡುವಾದಾಗ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಂದು ಸಲ ಓದಿ. ನಿಮ್ಮ ಊರಿನ ಶಾಸಕರು ಯಾವುದಕ್ಕೆ ನಿಷ್ಠರಾಗಿರುತ್ತೇನೆಂದು ಮಾತು ಕೊಟ್ಟಿದ್ದಾರೆ ಎಂಬುದನ್ನು ಮಕ್ಕಳಿಗೆ ತೋರಿಸಿ.